ಮತಪೆಟ್ಟಿಗೆಗೆ ದತ್ತಿಯಿಲ್ಲ

2025ರ ಏಪ್ರಿಲ್ 16ರಂದು ಮುಂಬಯಿಯ ವಿಲೇಪಾರ್ಲೆ ಪೂರ್ವದ ಪಾರ್ಶ್ವನಾಥ ದಿಗಂಬರ ಜೈನ ಮಂದಿರವನ್ನು ಮಹಾನಗರ ಪಾಲಿಕೆಯವರು ಕೆಡವಿದರು. ಮೂರು ದಿನಗಳ ನಂತರ ಸಾವಿರಾರು ಶ್ರಾವಕ ಶ್ರಾವಿಕೆಯರು ಪಾಲಿಕೆಯ ವಾರ್ಡ್ ಕಚೇರಿಯತ್ತ ಮೆರವಣಿಗೆ ಹೊರಟರು. ಆ ವಾರ್ಡಿನ ಸಹಾಯಕ ಆಯುಕ್ತರ ವರ್ಗಾವಣೆಯಾಯಿತು. ಕಟ್ಟಡ ಸಕ್ರಮವೋ ಅಕ್ರಮವೋ ಎಂಬುದು ನ್ಯಾಯಾಲಯ ತೀರ್ಮಾನಿಸಬೇಕಾದ ವಿಷಯ. ಆದರೆ ಆ ದಿನಗಳ ಕುರಿತು ಸಮಾಜದ ಸಭೆಗಳಲ್ಲಿ ನಡೆದ ಮಾತುಕತೆಯಲ್ಲಿ ಒಂದು ಸಂಗತಿ ಮಾತ್ರ ಹೆಚ್ಚು ಕೇಳಿಬರಲಿಲ್ಲ. ಆಗ ಆ ವಾರ್ಡಿಗೆ ನಗರಸೇವಕನೇ ಇರಲಿಲ್ಲ. ಆ ವಾರ್ಡಿಗೆ ಮಾತ್ರವಲ್ಲ, ಮುಂಬಯಿಯ 227 ವಾರ್ಡುಗಳಲ್ಲಿ ಯಾವುದಕ್ಕೂ ಇರಲಿಲ್ಲ. 2017ರ ಫೆಬ್ರವರಿಯಲ್ಲಿ ಚುನಾಯಿತವಾದ ಮಂಡಳಿಯ ಅವಧಿ 2022ರ ಮಾರ್ಚ್ 7ಕ್ಕೆ ಮುಗಿದಿತ್ತು. ಅಲ್ಲಿಂದ ಮುಂದೆ ಪಾಲಿಕೆಯ ಆಯುಕ್ತರೇ ಆಡಳಿತಾಧಿಕಾರಿ, ಅವರೇ ಸ್ಥಾಯಿ ಸಮಿತಿ, ಅವರೇ ಸದನ.

ನಗರಸೇವಕನಿದ್ದಿದ್ದರೆ ಮಂದಿರ ಉಳಿಯುತ್ತಿತ್ತು ಎಂದು ಹೇಳಲಾಗದು. ಆದರೆ ನೋಟಿಸು ಬಂದ ದಿನವೇ ಹೋಗಿ ತಟ್ಟಬಹುದಾದ ಒಂದು ಬಾಗಿಲು ಇರುತ್ತಿತ್ತು. ಅದೇ ವರ್ಷದ ಪರ್ಯೂಷಣದಲ್ಲಿ ಕಸಾಯಿಖಾನೆಗಳನ್ನು ಎಷ್ಟು ದಿನ ಮುಚ್ಚಬೇಕೆಂಬ ಪ್ರಶ್ನೆಯೂ ಆಯುಕ್ತರ ಮೇಜಿಗೂ ಹೈಕೋರ್ಟಿಗೂ ನಡುವೆಯೇ ಓಡಾಡಿತು. ಪರವಾಗಿರುವವರೂ ವಿರೋಧಿಸುವವರೂ ಎದುರುಬದುರು ಕುಳಿತು ಮಾತನಾಡಬೇಕಾದ ಸ್ಥಳ ಪಾಲಿಕೆಯ ಸದನ. ಆ ಸದನಕ್ಕೆ ಬೀಗ ಬಿದ್ದಿತ್ತು.

2011ರ ಜನಗಣತಿಯಂತೆ ದೇಶದಲ್ಲಿ ಜೈನರ ಸಂಖ್ಯೆ ಸುಮಾರು 44.5 ಲಕ್ಷ. ಇದು ಒಟ್ಟು ಜನಸಂಖ್ಯೆಯ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲಸಿದ ಕನ್ನಡ ಜೈನ ಕುಟುಂಬಗಳು ಈ ಅಲ್ಪಸಂಖ್ಯೆಯೊಳಗಿನ ಇನ್ನೊಂದು ಅಲ್ಪಸಂಖ್ಯೆ. ಲೋಕಸಭಾ ಕ್ಷೇತ್ರದ ಹದಿನೈದಿಪ್ಪತ್ತು ಲಕ್ಷ ಮತದಾರರ ನಡುವೆ ಇವರ ಮತ ಸಮುದ್ರದಲ್ಲಿ ಕಲಸಿದ ಉಪ್ಪು. ವಿಧಾನಸಭೆಯ ಲೆಕ್ಕವೂ ಹೆಚ್ಚು ಬೇರೆಯಲ್ಲ. ಕೆಲವೇ ನೂರು ಮತಗಳಿಂದ ಗೆಲುವು ಸೋಲು ನಿರ್ಣಯವಾಗಬಲ್ಲ ವಾರ್ಡಿನಲ್ಲಿ ಮಾತ್ರ ನಾಲ್ಕು ವಠಾರಗಳ ಜೈನ ಕುಟುಂಬಗಳ ಮಾತಿಗೆ ತೂಕ ಬರುತ್ತದೆ. ಹಾಗಾಗಿ ಸ್ಥಳೀಯ ಚುನಾವಣೆ ನಿಂತುಹೋದರೆ ದೊಡ್ಡ ಸಮುದಾಯಗಳಿಗಿಂತ ಸಣ್ಣ ಸಮುದಾಯಗಳಿಗೇ ನಷ್ಟ ಹೆಚ್ಚು. ದೊಡ್ಡವರಿಗೆ ಮಂತ್ರಿಗಳಿದ್ದಾರೆ. ಸಣ್ಣವರಿಗೆ ಇದ್ದದ್ದು ನಗರಸೇವಕ ಒಬ್ಬನೇ.

ನಿಂತುಹೋದದ್ದು ಮುಂಬಯಿಯೊಂದರಲ್ಲೇ ಅಲ್ಲ. ಪುಣೆಯ ಮಂಡಳಿಯ ಅವಧಿಯೂ 2022ರಲ್ಲೇ ಮುಗಿದು, ಸುಪ್ರೀಂ ಕೋರ್ಟು ಗಡುವು ವಿಧಿಸಿದ ಮೇಲೆಯೇ, 2026ರ ಜನವರಿ 15ರಂದು, ಮುಂಬಯಿಯೊಡನೆ ಮತದಾನ ಕಂಡಿತು. ಚೆನ್ನೈ ಮಹಾನಗರ ಪಾಲಿಕೆ 2016ರ ಅಕ್ಟೋಬರಿನಿಂದ 2022ರ ಫೆಬ್ರವರಿಯವರೆಗೆ ಚುನಾಯಿತ ಮಂಡಳಿಯಿಲ್ಲದೆ ನಡೆಯಿತು. ಬೆಂಗಳೂರಿನ ಬೃಹತ್ ಪಾಲಿಕೆಯ ಮಂಡಳಿ 2020ರ ಸೆಪ್ಟೆಂಬರಿನಲ್ಲಿ ವಿಸರ್ಜನೆಯಾಯಿತು. ಐದು ವರ್ಷಗಳ ನಂತರ ಆ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ಒಡೆಯಿತಾದರೂ ಆ ಐದು ವರ್ಷಗಳಲ್ಲಿ ಮತದಾರನನ್ನು ಒಮ್ಮೆಯೂ ಕೇಳಲಿಲ್ಲ. ಊರಿನ ಹೊಲ ಮನೆ ಇನ್ನೂ ಉಳಿಸಿಕೊಂಡಿರುವ ಕುಟುಂಬಗಳಿಗೆ ಗೊತ್ತಿರುವಂತೆ, ಕರ್ನಾಟಕದ ಜಿಲ್ಲಾ ಹಾಗೂ ತಾಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ತೀರಿತು. ಅನಂತರ ಹೆಚ್ಚುಕಡಿಮೆ ಇನ್ನೊಂದು ಅವಧಿಯಷ್ಟು ಕಾಲ ಅಧಿಕಾರಿಗಳ ಆಳ್ವಿಕೆಯಲ್ಲೇ ಕಳೆಯಿತು.

ಸಂವಿಧಾನ ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಪಂಚಾಯಿತಿಯ ಆಯುಷ್ಯ ಐದು ವರ್ಷವೆಂದು 243ಇ ವಿಧಿ ಹೇಳುತ್ತದೆ, ನಗರಸಭೆಗಳಿಗೆ 243ಯು ವಿಧಿ ಅದನ್ನೇ ಹೇಳುತ್ತದೆ. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ಣಗೊಳ್ಳಬೇಕು. ಅದನ್ನು ನಡೆಸುವ ಹೊಣೆ 243ಕೆ ವಿಧಿಯ ಪ್ರಕಾರ ರಾಜ್ಯ ಚುನಾವಣಾ ಆಯೋಗದ್ದು. ಇದು ಲೋಕಸಭೆ ವಿಧಾನಸಭೆಗಳ ಚುನಾವಣೆ ನಡೆಸುವ ಭಾರತ ಚುನಾವಣಾ ಆಯೋಗವಲ್ಲ. ಪ್ರತಿ ರಾಜ್ಯದಲ್ಲೂ ಬೇರೆಯಾಗಿಯೇ ಇರುವ, ಹೆಸರು ಒಂದೇ ರೀತಿ ಇರುವುದರಿಂದ ಜನರು ಗುರುತಿಸದೆ ಹೋಗುವ ಸಂಸ್ಥೆ. ಇದರ ಆಯುಕ್ತರನ್ನು ಹೈಕೋರ್ಟ್ ನ್ಯಾಯಾಧೀಶರನ್ನು ತೆಗೆಯುವ ಕ್ರಮದಲ್ಲಿ ಮಾತ್ರ ತೆಗೆಯಬಹುದು. 2006ರಲ್ಲಿ ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರಕಾರಗಳು ಭಾರತ ಚುನಾವಣಾ ಆಯೋಗಕ್ಕೆ ಹೇಗೆ ಸಹಕರಿಸುತ್ತವೆಯೋ ಹಾಗೆಯೇ ರಾಜ್ಯ ಆಯೋಗಕ್ಕೂ ಸಹಕರಿಸತಕ್ಕದ್ದು ಎಂದು ಹೇಳಿತು.

ಇಷ್ಟೆಲ್ಲ ಗೌರವ ಕೊಟ್ಟ ಸಂವಿಧಾನ ಒಂದು ಮಾತನ್ನು ಹೇಳದೆ ಬಿಟ್ಟಿದೆ. ಆಯೋಗ ಕೇಳಿದಾಗ ರಾಜ್ಯಪಾಲರು ಅಗತ್ಯ ಸಿಬ್ಬಂದಿಯನ್ನು ಒದಗಿಸತಕ್ಕದ್ದೆಂದು 243ಕೆ ವಿಧಿಯ ಮೂರನೆಯ ಖಂಡ ವಿಧಿಸುತ್ತದೆ. ಹಣದ ಮಾತು ಅಲ್ಲಿಲ್ಲ. ಚುನಾವಣೆಯ ಖರ್ಚನ್ನು ಆಯಾ ರಾಜ್ಯದ ಕಾನೂನಿನಂತೆ ರಾಜ್ಯ ಸರಕಾರವೋ ಸ್ಥಳೀಯ ಸಂಸ್ಥೆಯೋ ಕೊಡಬೇಕು. ರಾಜ್ಯ ಸರಕಾರ ಕೊಡಬೇಕಾದಲ್ಲಿ ಆಯೋಗ ಹಣಕಾಸು ಇಲಾಖೆಗೆ ಬರೆದುಕೊಳ್ಳಬೇಕು. ಸ್ಥಳೀಯ ಸಂಸ್ಥೆ ಕೊಡಬೇಕಾದಲ್ಲಿ, ಅವಧಿ ತೀರಿದ ಮೇಲೆ ಅದರ ಚೀಲದ ದಾರ ಸರಕಾರವೇ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿರುತ್ತದೆ. ಎತ್ತ ತಿರುಗಿದರೂ ಕೊನೆಗೆ ತಲುಪುವುದು ಒಂದೇ ಮನೆಗೆ.

ಖರ್ಚು ಏತಕ್ಕೆ ಬರುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ವಿಧಾನಸಭೆಯ ಮತದಾರರ ಪಟ್ಟಿಯನ್ನು ತಂದು ವಾರ್ಡುವಾರು ಒಡೆಯಬೇಕು. ಒಂದು ಬೀದಿಯ ಎಡಬದಿ ಒಂದು ವಾರ್ಡಿಗೆ, ಬಲಬದಿ ಇನ್ನೊಂದಕ್ಕೆ ಸೇರುವಂತಿದ್ದರೆ ಮನೆಮನೆ ತಿರುಗದೆ ಈ ಕೆಲಸ ನೆಟ್ಟಗಾಗುವುದಿಲ್ಲ. ಹೆಸರು ಕಾಣೆಯಾಯಿತು, ಗಂಡ ಒಂದು ವಾರ್ಡಿನಲ್ಲಿ ಹೆಂಡತಿ ಇನ್ನೊಂದರಲ್ಲಿ ಎಂಬ ದೂರುಗಳೆಲ್ಲ ಹುಟ್ಟುವುದು ಈ ಹಂತದಲ್ಲಿ ಕೈ ಬಿಗಿಹಿಡಿದಾಗಲೇ. ಮತಯಂತ್ರಗಳ ವಿಷಯ ಇನ್ನೂ ಬೇರೆ. ಪುಣೆಯಂತಹ ನಗರಗಳಲ್ಲಿ ಒಂದು ಪ್ರಭಾಗಕ್ಕೆ ನಾಲ್ವರು ಸದಸ್ಯರು. ಮತದಾರ ನಾಲ್ಕು ಸಲ ಗುಂಡಿ ಒತ್ತಬೇಕು. ಅದಕ್ಕೆ ತಕ್ಕ ಯಂತ್ರಗಳನ್ನು ಕೊಳ್ಳಬೇಕು, ಐದು ವರ್ಷ ಕಾವಲಿನಲ್ಲಿಟ್ಟು ಕಾಪಾಡಬೇಕು, ಚುನಾವಣೆಗೆ ಮುನ್ನ ಪರೀಕ್ಷಿಸಬೇಕು. 2020ರ ಡಿಸೆಂಬರಿನಲ್ಲಿ ಹೈದರಾಬಾದಿನ 150 ವಾರ್ಡುಗಳಿಗೆ ನಡೆದಂತೆ ಕಾಗದದ ಮತಪತ್ರವನ್ನೇ ಬಳಸಿದರೆ ಅಚ್ಚು ಹಾಕಿಸುವ ಖರ್ಚು, ಎಣಿಸುವ ಆಳುಗಳ ಖರ್ಚು. ಮತಗಟ್ಟೆಯಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ಕೂರುವ ಶಿಕ್ಷಕಿಗೆ ಗೌರವಧನ, ತರಬೇತಿ, ಊಟ, ಬಸ್ಸು. ಇವುಗಳಲ್ಲಿ ಒಂದೂ ಆಡಂಬರವಲ್ಲ. ಒಂದನ್ನು ತಡೆದರೂ ದಿನಾಂಕ ಮುಂದೆ ಹೋಗುತ್ತದೆ. ತಡೆದವರ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ. ಕಡತ ಪರಿಶೀಲನೆಯಲ್ಲಿದೆ ಎಂದರೆ ಸಾಕು.

ಇದು ಕಲ್ಪಿತ ಭಯವಲ್ಲ ಎಂಬುದಕ್ಕೆ ಆಂಧ್ರಪ್ರದೇಶದಲ್ಲಿ 2020ರಲ್ಲಿ ನಡೆದದ್ದು ಸಾಕ್ಷಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣ ಕೊಟ್ಟು ರಾಜ್ಯ ಚುನಾವಣಾ ಆಯುಕ್ತ ನಿಮ್ಮಗಡ್ಡ ರಮೇಶ್ ಕುಮಾರ್ ಅವರು ಸ್ಥಳೀಯ ಚುನಾವಣೆಯನ್ನು ಮುಂದೂಡಿದರು. ಸರಕಾರಕ್ಕೆ ಅದು ರುಚಿಸಲಿಲ್ಲ. ಏಪ್ರಿಲಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಆಯುಕ್ತರ ಅವಧಿಯನ್ನು ಐದು ವರ್ಷದಿಂದ ಮೂರಕ್ಕೆ ಇಳಿಸಿತು. ಅವರ ಜಾಗಕ್ಕೆ ಬೇರೊಬ್ಬರು ಬಂದರು. ಮೇ 29ರಂದು ಹೈಕೋರ್ಟು ಆ ಸುಗ್ರೀವಾಜ್ಞೆಯನ್ನು ರದ್ದುಪಡಿಸಿತು. ಕುರ್ಚಿ ಮರಳಿ ಸಿಕ್ಕಿತು. ಆದರೆ ಅಕ್ಟೋಬರಿನ ಹೊತ್ತಿಗೆ ಅದೇ ಆಯುಕ್ತರು ಮತ್ತೆ ಹೈಕೋರ್ಟಿನ ಮುಂದೆ ನಿಂತಿದ್ದರು. ಆಯೋಗಕ್ಕೆ ಕೊಡಬೇಕಾದ ಹಣವನ್ನು ಸರಕಾರ ಬಿಡುಗಡೆ ಮಾಡುತ್ತಿಲ್ಲ, ಚುನಾವಣೆಗೆ ಸಹಕರಿಸುತ್ತಿಲ್ಲ ಎಂಬುದು ಅವರ ಅಳಲು. ನ್ಯಾಯಾಲಯ ಆಯೋಗಕ್ಕೆ ನೆರವಾಗುವಂತೆ ಸರಕಾರಕ್ಕೆ ಹೇಳಬೇಕಾಯಿತು. ಅಷ್ಟಾದ ಮೇಲೂ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರ ಜನವರಿ 25ರಂದು ಅಲ್ಲಿ ತೀರಿ, ಫೆಬ್ರವರಿಯಲ್ಲಿ ನಾಲ್ಕು ಹಂತಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು.

ಈ ಪ್ರಕರಣದಲ್ಲಿ ಆಯುಕ್ತರ ಎಲ್ಲ ನಡೆಗಳೂ ಸರಿಯಿದ್ದವೇ ಎಂಬ ವಾದಕ್ಕೆ ಇಲ್ಲಿ ಇಳಿಯಬೇಕಾಗಿಲ್ಲ. ಕಾಣಬೇಕಾದದ್ದು ಬೇರೆ. ಕುರ್ಚಿಗೆ ಸಂವಿಧಾನದ ರಕ್ಷಣೆ ಇತ್ತು, ನ್ಯಾಯಾಲಯ ಅದನ್ನು ಎರಡು ತಿಂಗಳಲ್ಲಿ ಎತ್ತಿಹಿಡಿಯಿತು. ಹಣಕ್ಕೆ ಅಂಥ ರಕ್ಷಣೆ ಇರಲಿಲ್ಲ. ಅದಕ್ಕಾಗಿ ಸಾಂವಿಧಾನಿಕ ಅಧಿಕಾರಿಯೊಬ್ಬರು ದಾವೆ ಹೂಡಬೇಕಾಯಿತು. ಎಲ್ಲ ಆಯುಕ್ತರೂ ಹಾಗೆ ದಾವೆ ಹೂಡುವವರಲ್ಲ. ನಿವೃತ್ತಿಯ ಅಂಚಿನಲ್ಲಿ ಇಲ್ಲವೇ ನಿವೃತ್ತಿಯಾದ ಮೇಲೆ ಸರಕಾರದ ಆಯ್ಕೆಯಿಂದಲೇ ಈ ಹುದ್ದೆಗೆ ಬರುವ ಅಧಿಕಾರಿಗಳಲ್ಲಿ ಬಹುಪಾಲು ಜನ ಪತ್ರ ಬರೆದು ಕಾಯುವವರೇ.

ಹಾಗೆಂದು ಎಲ್ಲ ವಿಳಂಬಕ್ಕೂ ಹಣವೇ ಕಾರಣವೆಂದರೆ ಅದೂ ಸತ್ಯಕ್ಕೆ ದೂರ. ಮುಂಬಯಿ ಪಾಲಿಕೆಯ 2025-26ರ ಆಯವ್ಯಯ 74,427 ಕೋಟಿ ರೂಪಾಯಿ. ಅಲ್ಲಿ ಮತಪೆಟ್ಟಿಗೆಗೆ ಬಡತನವಿರಲಿಲ್ಲ. ಅಲ್ಲಿ ಅಡ್ಡಬಂದದ್ದು ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ ಮತ್ತು ವಾರ್ಡುಗಳ ಸಂಖ್ಯೆಯನ್ನು ಒಂದು ಸರಕಾರ ಏರಿಸಿ ಇನ್ನೊಂದು ಇಳಿಸಿದ ಆಟ. ಕರ್ನಾಟಕದಲ್ಲಿ ಅಡ್ಡಬಂದದ್ದು ಕ್ಷೇತ್ರ ಪುನರ್ವಿಂಗಡಣೆ. ಆ ಅಧಿಕಾರವನ್ನು 2021ರಲ್ಲಿ ರಾಜ್ಯ ಚುನಾವಣಾ ಆಯೋಗದಿಂದ ಹಿಂದಕ್ಕೆ ಪಡೆದು ಬೇರೆಯೇ ಒಂದು ಆಯೋಗಕ್ಕೆ ಕೊಡಲಾಯಿತು. ವಿಳಂಬಕ್ಕಾಗಿ 2022ರ ಡಿಸೆಂಬರಿನಲ್ಲಿ ಹೈಕೋರ್ಟು ಸರಕಾರಕ್ಕೆ 5 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಆ ದಂಡ ಹೋದದ್ದು ಖಜಾನೆಯಿಂದ, ಎಂದರೆ ಚುನಾವಣೆ ಕಾಣದ ಅದೇ ಮತದಾರನ ಜೇಬಿನಿಂದ. ಒಂದು ರಾಜ್ಯದಲ್ಲಿ ಹಣ, ಇನ್ನೊಂದರಲ್ಲಿ ಗಡಿ, ಮತ್ತೊಂದರಲ್ಲಿ ಮೀಸಲಾತಿಯ ಪಟ್ಟಿ. ಹಗ್ಗ ಬೇರೆ ಬೇರೆಯಾದರೂ ಎಳೆಯುವ ಕೈ ಒಂದೇ. ಚುನಾವಣೆ ನಡೆದರೆ ಯಾರ ಹಿಡಿತ ಸಡಿಲವಾಗುವುದೋ, ಚುನಾವಣೆಗೆ ಬೇಕಾದ ಸಾಮಗ್ರಿಯೂ ಅವರ ಬಳಿಯೇ ಇದೆ.

ಬೇರೆ ಹಗ್ಗಗಳನ್ನು ಬಿಡಿಸುವುದು ಕಷ್ಟ. ಅದಕ್ಕೆ ಶಾಸನಗಳೂ ತೀರ್ಪುಗಳೂ ಬೇಕು. ಕೇರಳದಲ್ಲಿ ಪುನರ್ವಿಂಗಡಣೆಯ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು. ಎರಡನೆಯ ಆಡಳಿತ ಸುಧಾರಣಾ ಆಯೋಗವೂ 2007ರಲ್ಲಿ ಈ ಕೆಲಸವನ್ನು ರಾಜ್ಯ ಚುನಾವಣಾ ಆಯೋಗಕ್ಕೇ ಒಪ್ಪಿಸಬೇಕೆಂದು ಹೇಳಿತ್ತು. ಅದು ದೀರ್ಘಕಾಲದ ಕೆಲಸ. ಹಣದ ಹಗ್ಗ ಹಾಗಲ್ಲ.

ಹೈಕೋರ್ಟ್ ನ್ಯಾಯಾಧೀಶರ ಸಂಬಳವನ್ನು ಯಾವ ಸರಕಾರವೂ ತಡೆಹಿಡಿಯಲಾರದು. ಅದು ರಾಜ್ಯದ ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳುವ ವೆಚ್ಚ. ಶಾಸನಸಭೆ ಅದನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಲೋಕಸೇವಾ ಆಯೋಗದ ಖರ್ಚೂ 322ನೆಯ ವಿಧಿಯಂತೆ ಹಾಗೆಯೇ. ಗುಮಾಸ್ತರಿಗೂ ತಹಶೀಲ್ದಾರರಿಗೂ ಪರೀಕ್ಷೆ ನಡೆಸುವ ಸಂಸ್ಥೆಗೆ ಇರುವ ಈ ಭದ್ರತೆ, ಅವರನ್ನು ಪ್ರಶ್ನಿಸುವ ಜನಪ್ರತಿನಿಧಿಗಳನ್ನು ಆರಿಸುವ ಸಂಸ್ಥೆಗೆ ಇಲ್ಲ. ಭಾರತ ಚುನಾವಣಾ ಆಯೋಗಕ್ಕೂ ಇಲ್ಲವೆಂಬುದು ನಿಜ. ಅದಕ್ಕಾಗಿ 1994ರಲ್ಲಿ ಸಂಸತ್ತಿನಲ್ಲಿ ಮಂಡಿಸಿದ ಮಸೂದೆ ಲೋಕಸಭೆಯ ಅವಧಿಯೊಡನೆ ಬಿದ್ದುಹೋಯಿತು. 2023ರ ಮಾರ್ಚ್ 2ರಂದು ಅನೂಪ್ ಬರನ್‌ವಾಲ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಆಯೋಗದ ಖರ್ಚನ್ನು ಸಂಚಿತ ನಿಧಿಯ ಮೇಲೆ ಹಾಕಬೇಕೆಂದು ಕೇಂದ್ರಕ್ಕೆ ಮನವಿ ಮಾಡಿತು. ಆದರೆ ದಿಲ್ಲಿಯ ಆಯೋಗದ ಹಿಂದೆ ಇಡೀ ದೇಶದ ಕಣ್ಣಿದೆ. ಲೋಕಸಭೆಯ ಚುನಾವಣೆಗೆ ಹಣವಿಲ್ಲವೆನ್ನುವ ಧೈರ್ಯ ಯಾವ ಸರಕಾರಕ್ಕೂ ಇಲ್ಲ. ತಾಲೂಕು ಪಂಚಾಯಿತಿ ಚುನಾವಣೆಯ ಹಿಂದೆ ಅಂಥ ಕಣ್ಣಿಲ್ಲ.

ಇಲ್ಲಿ ಸಂವಿಧಾನ ತಿದ್ದುಪಡಿಯೂ ಬೇಕಾಗಿಲ್ಲ ಎಂಬುದು ಹಲವರ ಗಮನಕ್ಕೆ ಬಂದಿಲ್ಲ. ಯಾವ ವೆಚ್ಚಗಳು ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳತಕ್ಕವು ಎಂದು 202ನೆಯ ವಿಧಿ ಪಟ್ಟಿ ಮಾಡಿ, ಕೊನೆಯಲ್ಲಿ ರಾಜ್ಯದ ಶಾಸನಸಭೆ ಕಾನೂನಿನ ಮೂಲಕ ಹಾಗೆಂದು ಘೋಷಿಸುವ ಬೇರೆ ಯಾವುದೇ ವೆಚ್ಚವನ್ನೂ ಸೇರಿಸಲು ಅವಕಾಶವಿಟ್ಟಿದೆ. ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಹೈದರಾಬಾದಿನಲ್ಲಿ, ಚೆನ್ನೈಯಲ್ಲಿ ಒಂದು ಪುಟದ ಮಸೂದೆ ಸಾಕು. ಹೀಗೆ ಮಾಡಿದರೆ ಲೆಕ್ಕ ಕೇಳುವವರಿಲ್ಲದಂತಾಗುತ್ತದೆ ಎಂಬ ಆಕ್ಷೇಪಕ್ಕೆ ಅರ್ಥವಿಲ್ಲ. ಲೆಕ್ಕ ಪರಿಶೋಧನೆ ಇದ್ದೇ ಇರುತ್ತದೆ, ಸದನದ ಚರ್ಚೆಯೂ ಇರುತ್ತದೆ. ಇನ್ನೊಂದು ಆಕ್ಷೇಪಕ್ಕೆ ಸ್ವಲ್ಪ ತೂಕವಿದೆ. ಮೊತ್ತವನ್ನು ಅಂದಾಜು ಮಾಡುವುದೂ ಸಮಯಕ್ಕೆ ಬಿಡುಗಡೆ ಮಾಡುವುದೂ ಹಣಕಾಸು ಇಲಾಖೆಯೇ ಆದ್ದರಿಂದ, ಅಲ್ಲಿ ಸತಾಯಿಸಲು ಆಗಲೂ ದಾರಿ ಉಳಿಯುತ್ತದೆ. ಆ ಕಾರಣದಿಂದ ಮಸೂದೆಯಲ್ಲಿ ಇನ್ನೊಂದು ವಾಕ್ಯ ಸೇರಬೇಕು. ಮಂಡಳಿಯ ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ಚುನಾವಣೆಯ ಪೂರ್ಣ ಮೊತ್ತ ಆಯೋಗದ ಖಾತೆಗೆ ಜಮೆಯಾಗಿರಬೇಕು. ಐದು ವರ್ಷಕ್ಕೊಮ್ಮೆ ತಪ್ಪದೆ ಬರುವ ಖರ್ಚಿಗೆ ವರ್ಷಕ್ಕಿಷ್ಟೆಂದು ಎತ್ತಿಡುವುದು ಮನೆ ನಡೆಸುವ ಗೃಹಿಣಿಗೂ ಗೊತ್ತಿರುವ ಲೆಕ್ಕ.

ಜೈನ ಪರಂಪರೆಗೆ ಈ ವಿಚಾರ ಹೊಸದಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು 1159ರಲ್ಲಿ ಕಟ್ಟಿಸಿದ ಹುಳ್ಳ ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ, ಎಂದರೆ ಖಜಾನೆಯ ಅಧಿಕಾರಿ. ಬಸದಿಗೆ ದೊರೆ ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟ. ಪೂಜೆಗೆ, ಮುನಿಗಳ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಉದ್ದೇಶ ಹೇಳಿ ಉತ್ಪನ್ನವನ್ನು ಬಿಟ್ಟುಕೊಡುವ ಇಂಥ ಶಾಸನಗಳು ಕನ್ನಡ ನಾಡಿನಲ್ಲಿ ನೂರಾರಿವೆ. ದಾನಿಗಳು ಬಸದಿಯನ್ನು ಪ್ರತಿ ತಿಂಗಳೂ ಅರಮನೆಯ ಬಾಗಿಲಿಗೆ ಕಳುಹಿಸಲಿಲ್ಲ. ಮುಂದೆ ಬರುವ ದೊರೆಯ ಮನಸ್ಸು ಹೇಗಿರುವುದೋ ಎಂಬ ಅನುಮಾನ ಅವರಿಗಿತ್ತು. ಅದಕ್ಕೇ ದತ್ತಿಯನ್ನು ಕಲ್ಲಿನಲ್ಲಿ ಕಂಡರಿಸಿ, ಅಪಹರಿಸಿದವನಿಗೆ ಶಾಪಾಶಯವನ್ನೂ ಸೇರಿಸಿದರು. ಸಂಚಿತ ನಿಧಿಯ ಮೇಲೆ ಹಾಕುವ ವೆಚ್ಚವೆಂದರೆ ಇಂದಿನ ಕಾಲದ ದತ್ತಿಯೇ. ಹುದ್ದೆಯಲ್ಲಿರುವವನು ತನ್ನ ಕೈಯನ್ನೇ ಮುಂದಾಗಿ ಕಟ್ಟಿಕೊಳ್ಳುವ ಕ್ರಮ ಅದು. ಈ ಮಾತನ್ನು ಸರಕಾರಕ್ಕೆ ಹೇಳಲು ಜೈನ ಸಮಾಜಕ್ಕಿಂತ ಹೆಚ್ಚಿನ ಅಧಿಕಾರ ಯಾರಿಗಿದೆ? ಅರ್ಥವ್ಯವಹಾರದಲ್ಲಿ ಈ ಸಮಾಜ ಹಿಂದೆ ಬಿದ್ದದ್ದೂ ಇಲ್ಲ. ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಅಣ್ಣಾಸಾಹೇಬ ಲಠ್ಠೆ 1937ರಲ್ಲಿ ಮುಂಬಯಿ ಪ್ರಾಂತ್ಯದ ಅರ್ಥಮಂತ್ರಿಯಾಗಿದ್ದರು. ಇಂದು ಪ್ರತಿ ನಗರದ ಸಂಘದಲ್ಲಿಯೂ ಹತ್ತಾರು ಲೆಕ್ಕ ಪರಿಶೋಧಕರಿದ್ದಾರೆ, ವಕೀಲರಿದ್ದಾರೆ. ಒಂದು ಪುಟದ ಮಸೂದೆಯ ಕರಡು ಬರೆಯಲು ಅವರಿಗೆ ಒಂದು ಭಾನುವಾರ ಹೆಚ್ಚು.

ಆದರೆ ಹಾಗೆ ಕೇಳುವ ಮುನ್ನ ಸಮಾಜ ತನ್ನ ಮನೆಯ ಕಡೆಗೂ ಒಮ್ಮೆ ನೋಡಬೇಕಾಗುತ್ತದೆ. ನಿಯಮಾವಳಿಯಲ್ಲಿ ಮೂರು ವರ್ಷ, ಐದು ವರ್ಷವೆಂದು ಬರೆದಿದ್ದರೂ ದಶಕ ಕಳೆದರೂ ಬದಲಾಗದ ಮಂದಿರ ಸಮಿತಿಗಳು ಒಂದೆರಡಲ್ಲ. ಪಂಚಕಲ್ಯಾಣ ಮುಗಿಯಲಿ, ಚಾತುರ್ಮಾಸ ಕಳೆಯಲಿ, ಸದಸ್ಯರ ಪಟ್ಟಿ ಸಿದ್ಧವಿಲ್ಲ, ಚುನಾವಣೆಗೆ ಸುಮ್ಮನೆ ಖರ್ಚೇಕೆ, ಒಗ್ಗಟ್ಟು ಕೆಡುತ್ತದೆ. ಕಾರಣಗಳ ಈ ಸಾಲನ್ನು ಸಚಿವಾಲಯದ ಕಡತಗಳಲ್ಲಿಯೂ ಹೆಚ್ಚುಕಡಿಮೆ ಇದೇ ಅನುಕ್ರಮದಲ್ಲಿ ಕಾಣಬಹುದು. ಕಲಶದ ಬೋಲಿಯಲ್ಲಿ ಒಂದು ಬೆಳಗ್ಗೆ ಕೂಡುವ ಹಣದ ಒಂದು ತುಣುಕು ಸಾಕು ಸಮಿತಿಯ ಚುನಾವಣೆಗೆ. ಚಾತುರ್ಮಾಸಕ್ಕೆ ಹಣ ಸಾಲದೆಂದು ಯಾವ ಸಮಿತಿಯೂ ಕೈಚೆಲ್ಲಿದ್ದಿಲ್ಲ. ತಮ್ಮ ಸಂಘದ ಮತದಾರರ ಪಟ್ಟಿಯನ್ನೇ ಪ್ರಕಟಿಸದವರು ಪಾಲಿಕೆಯ ಪಟ್ಟಿಯ ದೋಷವನ್ನು ಎತ್ತಿ ತೋರಿಸಿದರೆ ಕೇಳುವವರು ನಗುತ್ತಾರೆ.

ಚುನಾವಣೆಗೆ ಖರ್ಚು ಮಾಡದೆ ಉಳಿಸಿದ ಹಣ ಉಳಿಯುವುದೂ ಇಲ್ಲ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗೆ ದೇಶದ ಸ್ಥಳೀಯ ಸಂಸ್ಥೆಗಳಿಗೆಂದು ಶಿಫಾರಸು ಮಾಡಿದ ಅನುದಾನ 4,36,361 ಕೋಟಿ ರೂಪಾಯಿ. ಚುನಾಯಿತ ಮಂಡಳಿಯಿಲ್ಲದ ಸಂಸ್ಥೆಗಳಿಗೆ ಕೇಂದ್ರ ಈ ಅನುದಾನವನ್ನು ತಡೆಹಿಡಿಯುತ್ತದೆ. 2016ರ ನಂತರ ತಮಿಳುನಾಡು ಹಾಗೆ ಹಣ ಕಳೆದುಕೊಂಡಿತು. 2024ರ ಫೆಬ್ರವರಿಯಲ್ಲಿ ಅವಧಿ ತೀರಿದ ತೆಲಂಗಾಣದ ಗ್ರಾಮ ಪಂಚಾಯಿತಿಗಳೂ 2025ರ ಡಿಸೆಂಬರಿನಲ್ಲಿ ಚುನಾವಣೆ ನಡೆಯುವವರೆಗೆ ಅದೇ ಕಷ್ಟದಲ್ಲಿದ್ದವು. ಮತಗಟ್ಟೆಯ ಶಿಕ್ಷಕಿಯ ಗೌರವಧನ ಉಳಿಸಲು ಹೋಗಿ ಕುಡಿಯುವ ನೀರಿನ ಕೊಳವೆಯ ಹಣವನ್ನು ಬಿಟ್ಟುಕೊಟ್ಟ ಲೆಕ್ಕ ಇದು.

ಮುಂಬಯಿ ಪುಣೆಗಳಲ್ಲಿ ಈಗ ನಗರಸೇವಕರಿದ್ದಾರೆ. ಅವರ ಅವಧಿ 2031ರಲ್ಲಿ ತೀರುತ್ತದೆ. ಆ ವರ್ಷದ ಚುನಾವಣೆಗೆಂದು ಹಣ ಎತ್ತಿಡುವ ಕೆಲಸ ಮುಂದಿನ ಆಯವ್ಯಯದಿಂದಲೇ ಶುರುವಾಗಬೇಕು. ಅದಕ್ಕೆ ಬೇಕಾದ ಕಾನೂನು ವಿಧಾನಭವನದಲ್ಲಿ ಆಗಬೇಕು. ಮಹಾವೀರ ಜಯಂತಿಯ ವೇದಿಕೆಗೆ ಪ್ರತಿ ವರ್ಷವೂ ಶಾಸಕರು ಬರುತ್ತಾರೆ. ಅವರಿಗೆ ಶಾಲು ಹೊದಿಸಿ ಮನವಿಪತ್ರ ಕೊಡುವ ವಾಡಿಕೆಯೂ ಇದೆ. ಸಭಾಭವನಕ್ಕೆ ನಿವೇಶನ ಕೇಳುವ ಆ ಪತ್ರದಲ್ಲಿ ಈ ಬಾರಿ ಇನ್ನೊಂದು ಸಾಲು ಸೇರಲು ಜಾಗವಿದೆ.